ಓಕ್ಲಿಯ ಹಳೆಯ ಬಳ್ಳಿಗಳು

ಅಕ್ಕನಿಗೆ ಶರಣು.

೧. ಇಳುವರಿ ಕಡಿಮೆಯೆಂದು ನಮ್ಮ ತಿಕೋಟದ ಹಳೆಯ ದ್ರಾಕ್ಷಿಬಳ್ಳಿಗಳನ್ನು ಕೀಳಿಸಲು ನನ್ನ ಒಪ್ಪಿಗೆ ಕೇಳಿದ್ದೀರಿ.
೨. ನಾನು ಕೆಲಸಕ್ಕೆ ಬಂದಿರುವ ಈ ಪರದೇಶದ ಊರು ಓಕ್ಲಿಯ ಮರಳು ನೆಲದಲ್ಲಿ, ಮೆಡಿಟರೇನಿಯನ್ ತೀರದಿಂದ ಬಂದ ಮೂರ್ವೆದ್ರ್ ಎಂಬ ವೈನ್ ದ್ರಾಕ್ಷಿಯ ಬಳ್ಳಿಗಳು ನೂರು ವರ್ಷ ದಾಟಿಯೂ ಚಪ್ಪರವಿಲ್ಲದೆ, ದಪ್ಪ ಬೊಡ್ಡೆಗಳ ಮೇಲೆ ತಾವೇ ನಿಂತಿವೆ.
೩. ಇವುಗಳ ಇಳುವರಿಯೂ ಅಲ್ಪ. ಆ ಅಲ್ಪದಿಂದಾದ ವೈನನ್ನೇ ಗ್ರೆನಾಶ್, ಸಿರಾ ಎಂಬ ತಳಿಗಳ ಎಳೆಯ ಬಳ್ಳಿಗಳ ವೈನಿಗೆ ಬೆರೆಸುತ್ತಾರೆ.

ಕುಡಿಯದ ನನಗೆ ಎರಡನ್ನೂ ರುಚಿ ನೋಡಲು ಕೊಟ್ಟ ಸಹೋದ್ಯೋಗಿ ಗುರುಕಿರಣ, "ನುಂಗಬ್ಯಾಡ್ರಿ ಸರ, ಬಾಯಾಗ ಹಿಡದು ಉಗುಳ್ರಿ. ಇಲ್ಲಿ ಬಲ್ಲವ್ರೆಲ್ಲಾ ಹಂಗ ಮಾಡ್ತಾರ" ಎಂದು ನಕ್ಕ. ಹಾಗೆಯೇ ಮಾಡಿದೆ. ಎಳೆಯದರ ರುಚಿ ಬೇಗ ಮಾಯವಾಯಿತು; ಹಳೆಯದು ಬೆರೆತ ಮೇಲೆ ನಾಲಿಗೆಯ ಮೇಲೆ ಬಹಳ ಹೊತ್ತು ನಿಂತಿತು.

ನನ್ನ ರಕ್ತದೊತ್ತಡ ಸರಿಯಿದೆ, ಮಾತ್ರೆ ತಪ್ಪಿಸಿಲ್ಲ.

ನಮ್ಮ ಬಳ್ಳಿಗಳನ್ನು ಕೀಳಿಸಲು ಒಪ್ಪುವುದಿಲ್ಲವೆಂದು ನಿರ್ಧರಿಸಿದ್ದೇನೆ.

ನಿಮ್ಮ ತಮ್ಮ, ಶರಣಪ್ಪ