ಬಾಯಿಂದ ಕೊಳವೆ ತೆಗೆಯಬಾರದು

ಮೇ 12, ಸೋಮವಾರ

ಶಿರಸಿ ಆಸ್ಪತ್ರೆಯವರು ಕೊಡುತ್ತೇವೆ ಎಂದದ್ದು: ಉಸಿರು ಅಳೆಯುವ ಯಂತ್ರ. ನಿದ್ದೆಯಲ್ಲಿ ಆಕ್ಸಿಜನ್ ಇಳಿಯುತ್ತದೆಯೇ ಎಂದು ನೋಡಲು ಬೆರಳಿಗೆ ಹಾಕುವ ಇನ್ನೊಂದು, ಮನೆಗೆ.

ಕೊಟ್ಟದ್ದು: ‘ಹುಬ್ಬಳ್ಳಿಗೆ ಹೋಗಿ’ ಎಂಬ ಉಪದೇಶ. ಯಂತ್ರ ಬಂದು ಕೂತಿದೆ, ಡಬ್ಬ ಬಿಚ್ಚಿಲ್ಲ.

ಮಗಳು ಸ್ಫೂರ್ತಿಗೆ ಹುಟ್ಟಿನಿಂದ ಸಿಸ್ಟಿಕ್ ಫೈಬ್ರೋಸಿಸ್ — ಕಫ ಅಂಟಾಗಿ ಶ್ವಾಸಕೋಶ ಕಟ್ಟುತ್ತದೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. ಶಿರಸಿಯಲ್ಲಿ ಹಾಸ್ಟೆಲ್ ಸೇರಬೇಕಂತೆ. ಎರಡೂ ಪರೀಕ್ಷೆ ಆಗದೆ ಕಳಿಸಬೇಡಿ ಎಂದಿದ್ದಾರೆ ಡಾಕ್ಟರು.

ಬನವಾಸಿಯಿಂದ ನಮ್ಮ ಮಹಿಳಾ ಸಂಘದ ಹೆಂಗಸರೆಲ್ಲ ಬಂದು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತೆವು. ಸ್ಫೂರ್ತಿಯೂ ಕೂಗಿದಳು, ಕೆಮ್ಮುತ್ತ. ಸಂಜೆಗೆ ಡಬ್ಬ ಬಿಚ್ಚಿದರು.

ಮೇ 20, ಮಂಗಳವಾರ

ಊದುವ ಪರೀಕ್ಷೆ. ಟೆಕ್ನಿಶಿಯನ್ ರೋಹಿಣಿಯದು ಮೆತ್ತಗಿನ ದನಿ. “ಊದು ತಂಗಿ, ಇನ್ನೂ ಸ್ವಲ್ಪ...” ಹಾಗಂದರೆ ಯಾರು ಊದುತ್ತಾರೆ? ಎರಡು ಸಲ ಕೆಟ್ಟಿತು. ನಾನೇ ಎದ್ದೆ. ಮುಷ್ಟಿ ಎತ್ತಿದೆ. ಬಾಯಿಗೆ ಬಂದದ್ದು ಇಪ್ಪತ್ತು ವರ್ಷದ ಧರಣಿಯ ಅಭ್ಯಾಸ — “ಬೇಕೇ ಬೇಕು!”

ಮಗಳು ಬಾಯಿಂದ ಕೊಳವೆ ಕಿತ್ತು “ನ್ಯಾಯ ಬೇಕು” ಎಂದಳು. ಹೊರಗೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ದಮ್ಮಿನ ರೋಗಿ ಕಲ್ಲವ್ವ ಕೂಡ ದನಿಗೂಡಿಸಿದಳು.

“ಅಕ್ಕಾರೇ, ನೀವು ಹೊರಗೆ ಕೂತ್ಕಳಿ,” ಎಂದಳು ರೋಹಿಣಿ.

“ಬರ್ರಿ ಈ ಕಡೆ,” ಕಲ್ಲವ್ವ ಸರಿದು ಜಾಗ ಕೊಟ್ಟಳು. “ಹುಡುಗಿ ಉಸುರು ಹುಡುಗೀನ ಬಿಡ್ಲಿ. ನೀವ್ಯಾಕ ಊದಾಕ ಹತ್ತೀರಿ?”

ನಾನಿಲ್ಲದೆ ಸರಿಯಾಗಿ ಊದಿದಳು. ಇರಬೇಕಾದದ್ದರ ನೂರಕ್ಕೆ ಐವತ್ತೆಂಟು. ಹೋದ ವರ್ಷ ಹುಬ್ಬಳ್ಳಿಯಲ್ಲಿ ಬಂದಷ್ಟೇ. ಇಳಿದಿಲ್ಲ. ಖುಷಿಗೆ ಮಿರ್ಚಿ ಭಜಿ ತಿಂದೆವು.

ಮೇ 29, ಗುರುವಾರ

ಬೆರಳಿಗೆ ಯಂತ್ರ ಹಾಕಿ ಮಲಗಿದ್ದರ ರಿಪೋರ್ಟು. ಎಚ್ಚರವಿದ್ದಾಗ ಸರಿ. ಗಾಢ ನಿದ್ದೆಯಲ್ಲಿ ಆಕ್ಸಿಜನ್ ಇಳಿಯುತ್ತದೆ. ದಿನಾ ಮಲಗುವಾಗ ಉಸಿರಿಗೆ ಆಸರೆ ಕೊಡುವ ಮಾಸ್ಕು ಬೇಕು.

ಇವಳು ಕೇಳಿದ್ದೊಂದೇ: “ಮಾಸ್ಕ್ ಹಾಕ್ಕೊಂಡ್ರ ಹಾಸ್ಟೆಲ್‌ಗೆ ಹೋಗಬಹುದಲ್ರಿ?”

“ಹೋಗು,” ಎಂದರು ಡಾಕ್ಟರು. ಮಾಸ್ಕಿನ ಯಂತ್ರವನ್ನೂ ಕೊಟ್ಟರು, ನಾವು ಕೂಗದೆಯೇ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಾಡುತ್ತ ಬಂದಳು.

ಮೇ 31, ಶನಿವಾರ

ಹಾಸ್ಟೆಲ್ ವಾರ್ಡನ್ ಫೋನು. ಮಾಸ್ಕಿನ ಯಂತ್ರಕ್ಕೆ ಮಂಚದ ಹತ್ತಿರ ಪ್ಲಗ್ ಕೊಡುವ ನಿಯಮವಿಲ್ಲವಂತೆ. ಉಸಿರಾಡಲು ಬಿಡದ ನಿಯಮ ಯಾರ ಅಪ್ಪನದು? ಧರಣಿಗೆ ಬ್ಯಾನರ್ ಬಟ್ಟೆ ತೆಗೆದೆ. ಇವಳು ಮಡಚಿಟ್ಟಳು.

“ಅವ್ವಾ, ಹಾಸ್ಟೆಲ್ ಸೇರಾಕಿ ನಾನು. ನಾನ ಮಾತಾಡ್ತೀನಿ. ನೀ ಗೇಟಿನ ಹೊರಗ ನಿಂದ್ರು.”

“ಒಪ್ಪಲಿಲ್ಲಂದ್ರ?”

“ಆವಾಗ ಕರೀತೀನಿ. ಬ್ಯಾನರ್ ತಂದಿರು.”

ಸೋಮವಾರ, ಜೂನ್ ಎರಡು, ಬೆಳಿಗ್ಗೆ ಹನ್ನೊಂದಕ್ಕೆ, ವಾರ್ಡನ್ ಕೋಣೆ. ಒಳಗೆ ಅವಳು. ಹೊರಗೆ ನಾನು, ಬಾಯಿ ಮುಚ್ಚಿಕೊಂಡು, ಆದಷ್ಟು—