ದಿಡ್ಡಿಗೆ ಹೊಸ ಸರ್ವರ್

ನವೆಂಬರ್ 10, ಸೋಮವಾರ. ಬೆಳಿಗ್ಗೆ 7.10

ಕಾಲೇಜು ಹಾಸ್ಟೆಲಿನ ಬಕೆಟ್ ಕ್ಯೂ. ನನ್ನ ಮುಂದೆ ಐದು ಬಕೆಟ್. ನಿಂತೇ ಬರೆಯುತ್ತಿದ್ದೇನೆ. ನಿನ್ನೆ ಫೋನಿನಲ್ಲಿ ಯಾಕಾದರೂ "ನಾನು ಮಾಡ್ತೀನಿ ಆಂಟಿ" ಅಂದೆನೋ... ಬಾಯಿಗೆ ಬೀಗವೇ ಇಲ್ಲ.

ಫೋನ್ ಮಾಡಿದ್ದು ನನ್ನ ಹಳೇ ಸ್ಕೂಲ್ ಹಾಸ್ಟೆಲಿನ ವಾರ್ಡನ್ ಆಂಟಿ. ಕಂಪ್ಯೂಟರ್ ಸರ್ ರಿಟೈರ್ ಆದರಂತೆ. ಮೆಟ್ಟಿಲ ಕೆಳಗಿನ ಅವರ ಹಳೇ ಮೆಷಿನ್ 29ಕ್ಕೆ ಗುಜರಿಗೆ. ಅದರಲ್ಲಿರುವ ಪತ್ರದ ಪೇಜ್ ಅಷ್ಟರೊಳಗೆ ಹೊಸ ಸರ್ವರಿಗೆ ಹೋಗಬೇಕು. ಇಲ್ಲದಿದ್ದರೆ ಬಂದ್. ಅಲ್ಲಿ ಮಕ್ಕಳಿಗೆ ಫೋನ್ ಇಲ್ಲ. ಮನೆಯವರು ಆ ಪೇಜಿನಲ್ಲಿ ಟೈಪ್ ಮಾಡಿದ್ದನ್ನು ಭಾನುವಾರ ಪ್ರಿಂಟ್ ತೆಗೆದು ಹಂಚುತ್ತಾರೆ. ಏಳು ವರ್ಷ ನಾನೂ ಆ ಹಾಳೆಗೇ ಕಾದವಳು.

"ಕಂಪ್ಯೂಟರ್ ಸೈನ್ಸ್ ಅಲ್ವೇನೇ ನೀನು? ಇಷ್ಟೂ ಬರಲ್ವಾ?"

ಕ್ಲಾಸಿನಲ್ಲಿ ನಮಗಿನ್ನೂ ಫಾರ್ ಲೂಪ್ ಪಾಠವೇ ನಡೆಯುತ್ತಿದೆ.

ನವೆಂಬರ್ 12, ಬುಧವಾರ. ಲ್ಯಾಬ್

ಪೇಜ್ ನಡೆಸಲು ಸರ್ ತಾವೇ ಬರೆದ ಫ್ರೇಮ್‌ವರ್ಕ್ ತೆರೆದೆ. ಒಂದೇ ಫೈಲ್. ಹೆಸರು 'ದಿಡ್ಡಿ'. ನಗು ಬಂತು. ಹಾಸ್ಟೆಲಿನ ದೊಡ್ಡ ಗೇಟಿನಲ್ಲಿ ಒಬ್ಬರು ಬಗ್ಗಿ ಬರುವಷ್ಟು ದಿಡ್ಡಿ ಬಾಗಿಲು. ಪಕ್ಕದ ಸ್ಟೂಲಿನಲ್ಲಿ ವಾಚ್‌ಮನ್ ತಾತ. ಯಾರೇ ಬರಲಿ, ಅದೇ ಕ್ರಮ — "ಒಳಗೆ ಬಿಡ್ಬೇಕೋ ಬೇಡ್ವೋ, ಅದು ಮೊದ್ಲು. ಯಾರು, ಯಾರಿಗೆ, ಅದು ಆಮೇಲೆ. ಚೀಲ ಕೊನೇಗೆ." ಅಮ್ಮ ಚೀಲ ಮುಂದೆ ಮಾಡಿ ಪ್ರತಿ ಸಲ ಬೈಸಿಕೊಳ್ಳುತ್ತಿದ್ದಳು.

ರೂಮ್‌ಮೇಟ್ ಇಣುಕಿದಳು. "ರೆಡಿಮೇಡ್ ಫ್ರೇಮ್‌ವರ್ಕ್ ಹಾಕಿ ಹೊಸದಾಗಿ ಮಾಡೇ. ಈ ಮುದುಕಪ್ಪನ ಜೊತೆ ಯಾಕೆ ಗುದ್ದಾಡ್ತೀಯ?"

ಸರಿಯಾಗೇ ಹೇಳಿದಳು. ಮನಸ್ಸು ಒಪ್ಪಲಿಲ್ಲ.

ನವೆಂಬರ್ 15, ಶನಿವಾರ

ಹೊಸ ಸರ್ವರಿನವರ ಮೇಲ್: ಸ್ಟ್ಯಾಂಡರ್ಡ್ ಇಂಟರ್‌ಫೇಸ್ ಇದ್ದರೆ ಮಾತ್ರ ಹಾಕುತ್ತೇವೆ. ಮೂರು ಸಲ ಓದಿದ ಮೇಲೆ ತಲೆಗೆ ಹತ್ತಿತು. ಫ್ರೇಮ್‌ವರ್ಕ್ ಯಾವುದೇ ಇರಲಿ, ಸರ್ವರ್ ಕರೆಯುವ ರೀತಿ ಒಂದೇ, ಉತ್ತರ ಕೊಡುವ ಕ್ರಮವೂ ಒಂದೇ. ಮೊದಲು ಸ್ಟೇಟಸ್, ಆಯಿತೋ ಇಲ್ಲವೋ ಅಂತ. ಆಮೇಲೆ ಹೆಡರ್, ಬರುತ್ತಿರುವುದು ಏನು, ಎಷ್ಟು ಅಂತ. ಕೊನೆಗೆ ಪುಟ.

ವಾಚ್‌ಮನ್ ತಾತ!

ದಿಡ್ಡಿ ಮಾತ್ರ ಅಮ್ಮನ ಹಾಗೆ, ಎಲ್ಲ ಒಟ್ಟಿಗೆ ಸುರಿಯುತ್ತದೆ. ಸರ್ ಕೋಡ್ ಮುಟ್ಟದೆ ಮಧ್ಯೆ ಎಲ್ಲವನ್ನೂ ಈ ಕ್ರಮಕ್ಕೆ ಜೋಡಿಸಿ ಕೊಡುವ ಒಂದು ಅಡಾಪ್ಟರ್ ಬರೆದೆ, ನಲವತ್ತು ಸಾಲು. ಸಂಜೆ ಹೊತ್ತಿಗೆ ಪೇಜ್ ತೆರೆಯಿತು. ಅದೇ ಹಸಿರು ಬಾರ್ಡರ್. ಕುಣಿಯೋದೊಂದು ಬಾಕಿ.

ನವೆಂಬರ್ 24, ಸೋಮವಾರ

ಇಂಟರ್ನಲ್ಸ್ ಮುಗಿದವು. ಹೇಗೆ ಅಂತ ಬರೆಯುವುದಿಲ್ಲ.

ಟೆಸ್ಟ್ ಮಾಡಲು ಅಮ್ಮನಿಗೆ ಲಿಂಕ್ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್. "ಏನೇ ಇದು, ಸುತ್ತುತ್ತಾನೇ ಇದೆ. ನಾನೇನಾದ್ರೂ ಕೆಡಿಸಿದ್ನಾ?"

"ನೀನಲ್ಲಮ್ಮ, ನಾನು."

ಪೇಜ್ ತೆರೆಯುತ್ತದೆ. ಪತ್ರ ಕಳಿಸಿದರೆ ಮಾತ್ರ ಎಲ್ಲ ನಿಂತುಬಿಡುತ್ತದೆ. ಎರರ್ ಕೂಡ ಇಲ್ಲ. ಐದೇ ದಿನ.

ನವೆಂಬರ್ 27, ಗುರುವಾರ. ಮಧ್ಯಾಹ್ನ

ಮೂರು ದಿನ ಮೀನ ಮೇಷ ಎಣಿಸಿ ಕೊನೆಗೆ ಸರ್‌ಗೆ ಫೋನ್ ಮಾಡಿದೆ.

"ಯಾರು? ಓ... ಪ್ರಶ್ನೆಪತ್ರಿಕೆ! ಬದುಕಿದೀಯಾ?" ಹಳೇ ಅಡ್ಡಹೆಸರು. ಕ್ಲಾಸಿನಲ್ಲಿ ಪ್ರಶ್ನೆ ಕೇಳೀ ಕೇಳೀ ಸಂಪಾದಿಸಿದ್ದು.

ಹೇಳಿದೆ.

"ಅದು ಕಾಯ್ತಾ ಇದೆ ಕಣಮ್ಮ. ಹಳೇ ಮೆಷಿನ್ನು ಪತ್ರ ಮುಗಿದ ತಕ್ಷಣ ಲೈನ್ ಕಟ್ ಮಾಡೋದು. ದಿಡ್ಡಿಗೆ ಅದೇ ಗುರುತು. ಹೊಸದು ಕಟ್ ಮಾಡಲ್ಲ. ಪತ್ರ ಪೂರ್ತಿ ಬಂದಿದೆ, ಇವನು ಇನ್ನೂ ಬರುತ್ತೆ ಅಂತ ಬಾಯಿ ಬಿಟ್ಕೊಂಡು ಕೂತಿದಾನೆ."

"ಮತ್ತೆ ಏನ್ ಮಾಡ್ಲಿ ಸರ್?"

"ಪತ್ರ ಎಷ್ಟು ಉದ್ದ ಅಂತ ಹೆಡರ್‌ನಲ್ಲೇ ಬರ್ದಿರುತ್ತೆ. ಅಷ್ಟು ಓದು. ನಿಲ್ಸು."

ಆಮೇಲೆ, ತಗ್ಗಿದ ದನಿಯಲ್ಲಿ: "ದಿಡ್ಡಿನೂ ಬಿಸಾಕ್ತಾರೆ ಅಂದ್ಕೊಂಡಿದ್ದೆ ನಾನು."

ಎರಡು ಸಾಲು ಸೇರಿಸಿದೆ. ಅಮ್ಮನ 'ಟೆಸ್ಟ್ ಟೆಸ್ಟ್ ಊಟ ಆಯ್ತಾ' ತಕ್ಷಣ ಒಳಗೆ ಬಂತು.

ಇನ್ನೂ ಬರುತ್ತೆ ಅಂತ ಕೂರುವುದು ನನಗೆ ಹೊಸದಲ್ಲ. ಆರನೇ ಕ್ಲಾಸು. ಅಮ್ಮನ ಪತ್ರ ಯಾವಾಗಲೂ ನಾಲ್ಕೇ ಸಾಲು. ಕೊನೆಯಲ್ಲಿ, ಫೋನಿನಲ್ಲಿ ಹೇಳುವ ಹಾಗೆ, "ಸರಿ, ಇಡ್ತೀನಿ." ಪ್ರತಿ ಭಾನುವಾರ ಹಾಳೆ ತಿರುಗಿಸಿ ನೋಡುತ್ತಿದ್ದೆ, ಹಿಂದೆ ಏನಾದರೂ ಇದೆಯಾ ಅಂತ. ಖಾಲಿ. ಮುಂದಿನ ವಾರ ಮತ್ತೆ ತಿರುಗಿಸುತ್ತಿದ್ದೆ.

ನವೆಂಬರ್ 30, ಭಾನುವಾರ. 11.20

ನಿನ್ನೆ ಹಳೇ ಮೆಷಿನ್ ಗುಜರಿಗೆ ಹೋಯಿತು. ಬೆಳಿಗ್ಗೆಯಿಂದ ಫೋನ್ ಕೈಯಲ್ಲೇ ಇತ್ತು. ಈಗ ಆಂಟಿ ಮಾಡಿದರು. ಹಿಂದೆ ಮಕ್ಕಳ ಗಲಾಟೆ.

"ಎಲ್ಲಾ ಬಂತು ಕಣೇ, ನಲವತ್ಮೂರು! ಹಂಚಿದ್ಮೇಲೆ ಒಂದು ಉಳ್ಕೊಂಡಿದೆ, ಇಲ್ಲಿರೋರದ್ದಲ್ಲ. ಫೋಟೋ ಕಳಿಸಿದೀನಿ ನೋಡು."

ನನ್ನ ಹೆಸರಿಗೆ. ದಿನಾ ಫೋನ್ ಮಾಡುವ ಅಮ್ಮ, ನನಗೆ ಒಂದು ಮಾತೂ ಹೇಳದೆ, ಅಲ್ಲಿಗೆ ಬರೆದಿದ್ದಾಳೆ. ನಾಲ್ಕು ಸಾಲು. ಕೊನೆಗೆ ಅದೇ — ಸರಿ, ಇಡ್ತೀನಿ.

ಫೋಟೋಗೆ ಹಿಂಬದಿ ಇಲ್ಲ. ಆಂಟಿಗೆ ಈಗಲೇ ಹೇಳಬೇಕು, ಹಾಳೆ ಎಸೆಯಬೇಡಿ, ರಜಕ್ಕೆ ನಾನೇ ಬಂದು ತಿರುಗಿಸಿ—