ಕೆಂಗುಡ್ಡದಲ್ಲಿ ಡಬ್ಬಿ ಬಚ್ಚಿಡುವ ಕಷ್ಟ

ಕೆಂಗುಡ್ಡ, ಮಲಪ್ರಭೆಯ ದಂಡೆ
ಎರಡನೇ ಫೆಬ್ರವರಿ 31, ಇಸವಿ 2319
ಬೆಳಿಗ್ಗೆ ಹನ್ನೊಂದು ಗಂಟೆ

ಮಾನ್ಯ ಪೂರ್ವಿಕರೇ,

ತಾರೀಕು ಓದಿ ಗಾಬರಿಯಾಗಬೇಡಿ. ಬೇಸಿಗೆ ತೀರಾ ಉದ್ದವಾಯಿತೆಂದು ಜನ ದೂರಿದಾಗ ನಮ್ಮ ಸರ್ಕಾರ ಇನ್ನೊಂದು ಫೆಬ್ರವರಿಯನ್ನು ಮಂಜೂರು ಮಾಡಿತು. ಬಿಸಿಲೇನೂ ಕಡಿಮೆಯಾಗಲಿಲ್ಲ, ಮಾರ್ಚಿ ತಡವಾಗಿ ಬರುತ್ತದೆಂಬ ಸಮಾಧಾನ ಮಾತ್ರ ಸಿಕ್ಕಿತು. ಈ ಪತ್ರದಲ್ಲಿ ನಿಮಗೆ ಅರ್ಥವಾಗದ ಮಾತುಗಳು ಕೆಲವು ಬರುತ್ತವೆ, ಕ್ಷಮಿಸಬೇಕು. ನಿಮ್ಮ ಕಾಲದ ಮಾತುಗಳೂ ನಮಗೆ ಪೂರ್ತಿ ಅರ್ಥವಾಗಿಲ್ಲ. 'ಐದೇ ನಿಮಿಷ, ದಾರಿಯಲ್ಲಿದ್ದೀನಿ' ಎಂದು ನೀವು ಹೇಳುತ್ತಿದ್ದುದರ ಬಗ್ಗೆ ನಮ್ಮ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ.

ಇದು ಹಿಂದೋಲೆ, ಎಂದರೆ ಹಿಂದಿನ ಕಾಲಕ್ಕೆ ಹೋಗುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಬರೆಯಲು ಅವಕಾಶ. ಹೆಚ್ಚಿನವರು ಅದನ್ನು ನಿಮ್ಮನ್ನು ಬೈಯಲು ಬಳಸುತ್ತಾರೆ. ಕೆರೆ ಏನು ಮಾಡಿದಿರಿ, ಗಾಳಿ ಏನು ಮಾಡಿದಿರಿ ಎಂದು. ನಾನು ಬೈಯುವುದಿಲ್ಲ. ನನ್ನದೊಂದು ಸಣ್ಣ ಬೇಡಿಕೆ ಇದೆ, ಮತ್ತು ಸಮಯವಿಲ್ಲ. ಹಿಂದೋಲೆಯ ಕಿಟಕಿ ಸಂಜೆ ಐದಕ್ಕೆ ಮುಚ್ಚುತ್ತದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ನನ್ನ ಹೆಂಡತಿಯನ್ನು ಕರೆದೊಯ್ಯಲು ಗಾಡಿ ಬರುತ್ತದೆ. ಈ ಒಂದು ಪುಟ ಬರೆಯುವಷ್ಟರಲ್ಲಿ ನಾಲ್ಕು ಸಲ ಎದ್ದು ಬಾಗಿಲಿಗೆ ಹೋಗಿ ಬಂದಿದ್ದೇನೆ, ಗಾಡಿ ಇವತ್ತೇ ಬಂದುಬಿಟ್ಟರೆ ಎಂದು. ಸರ್ಕಾರಿ ಗಾಡಿ ಹೇಳಿದ್ದಕ್ಕಿಂತ ಮುಂಚೆ ಬಂದ ಉದಾಹರಣೆ ಚರಿತ್ರೆಯಲ್ಲಿಲ್ಲ. ಆದರೂ.

ನಾನು ಮೋಡಗಣತಿ ಇಲಾಖೆಯ ಗುಮಾಸ್ತ. ಊರಿನ ಮೇಲೆ ಹಾದುಹೋಗುವ ಮೋಡಗಳನ್ನು ಎಣಿಸಿ, ಸುರಿದವು, ಸುರಿಯದವು, ಸುರಿಯುವಂತೆ ನಟಿಸಿದವು ಎಂದು ಮೂರು ಕಾಲಮಿನಲ್ಲಿ ಬರೆಯುವುದು ನನ್ನ ಕೆಲಸ. ಮುನ್ನೂರು ವರ್ಷಗಳಲ್ಲಿ ಪ್ರಪಂಚದಲ್ಲಿ ಬದಲಾಗದೆ ಉಳಿದದ್ದು ಎಂದರೆ ವರ್ಗಾವಣೆ. ತಿಪಟೂರಿನಲ್ಲಿ ಸುಖವಾಗಿದ್ದ ನನ್ನನ್ನು ಈ ಕೆಂಗುಡ್ಡಕ್ಕೆ ಹಾಕಿದರು. ನಾನು ಐದು ವರ್ಷ ಇಲ್ಲೇ ಇರಬೇಕು, ಮೋಡ ಬರಲಿ ಬಿಡಲಿ. ನೌಕರನ ಹೆಂಡತಿಗೆ ಮಾತ್ರ ಹೊಸ ಊರು ಒಗ್ಗದಿದ್ದರೆ ತೊಂಬತ್ತು ದಿನದೊಳಗೆ ಹಳೆಯ ಊರಿಗೆ ಮರಳುವ ಹಕ್ಕಿದೆ. ನಾಳೆಗೆ ತೊಂಬತ್ತು.

ನನ್ನ ಹೆಂಡತಿ ವನಜಾಕ್ಷಿಗೆ ಊರು ಒಗ್ಗುವುದಕ್ಕೆ ನೀರು, ನೆರಳು, ನೆಂಟರು ಯಾವುದೂ ಬೇಡ. ಅಡಗುಡಬ್ಬಿ ಬೇಕು. ಇದು ನಿಮ್ಮ ಕಾಲದಲ್ಲೂ ಇತ್ತಂತೆ, ಕೆಲವರು ಲೆಟರ್‌ಬಾಕ್ಸಿಂಗ್ ಎನ್ನುತ್ತಿದ್ದರಂತೆ. ಅಂಚೆಯ ಕೆಂಪು ಡಬ್ಬಿಗೂ ಇದಕ್ಕೂ ಸಂಬಂಧವಿಲ್ಲ. ನೀರು ಹೋಗದಂಥ ಒಂದು ಪುಟ್ಟ ಡಬ್ಬಿ. ಒಳಗೊಂದು ನೋಟ್‌ಬುಕ್ಕು, ಒಂದು ಇಂಕ್‌ಪ್ಯಾಡು, ರಬ್ಬರಿನಲ್ಲಿ ಕೈಯಾರೆ ಕೊರೆದ ಒಂದು ಮೊಹರು. ಯಾರೋ ಅದನ್ನು ಕಲ್ಲಿನ ಸಂದಿಯಲ್ಲೋ ಮರದ ಪೊಟರೆಯಲ್ಲೋ ಬಚ್ಚಿಟ್ಟು, ಸಿಗುವಂತೆಯೂ ಸಿಗದಂತೆಯೂ ಒಂದು ಸುಳುಹು ಬರೆದು ಹೋಗುತ್ತಾರೆ. ಹುಡುಕಿದವರು ತಮ್ಮ ಮೊಹರನ್ನು ಡಬ್ಬಿಯ ಪುಸ್ತಕದಲ್ಲಿ ಒತ್ತಬೇಕು, ಡಬ್ಬಿಯ ಮೊಹರನ್ನು ತಮ್ಮ ಪುಸ್ತಕದಲ್ಲಿ ಒತ್ತಿಕೊಳ್ಳಬೇಕು, ಆಮೇಲೆ ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರಬೇಕು. ಅಷ್ಟೇ. ಬಹುಮಾನವಿಲ್ಲ, ಚಪ್ಪಾಳೆಯಿಲ್ಲ, ಮುಳ್ಳು ಚುಚ್ಚಿದರೆ ಕೇಳುವವರಿಲ್ಲ.

ಇದರಲ್ಲೇನು ಸುಖ ಎಂದು ಕೇಳಬಹುದು. ನಮ್ಮ ಕಾಲದಲ್ಲಿ ಏನೂ ಕಳೆದುಹೋಗುವುದಿಲ್ಲ, ಅದೇ ತೊಂದರೆ. ಎಲ್ಲರ ಕಿವಿಯಲ್ಲೂ ಕಿವಿಬಿಲ್ಲೆ ಇರುತ್ತದೆ. ಚಪ್ಪಲಿ ಎಲ್ಲಿ ಎಂದು ಅಂದುಕೊಳ್ಳುವ ಮೊದಲೇ ಅದು 'ಮಂಚದ ಕೆಳಗೆ, ಎಡಗಾಲಿನದು ಮಗುಚಿದೆ' ಎನ್ನುತ್ತದೆ. ಕನ್ನಡಕ ಹುಡುಕುತ್ತಾ ಮನೆಯವರ ಮೇಲೆ ಹಾರಾಡುವ ಸುಖ ನಮ್ಮ ತಾತನ ಕಾಲಕ್ಕೇ ಮುಗಿಯಿತು. ಕಿವಿಬಿಲ್ಲೆಗೆ ಗೊತ್ತಿಲ್ಲದ ವಸ್ತುವೆಂದರೆ ಕೈಯಿಂದ ಮಾಡಿದ ಈ ಅಡಗುಡಬ್ಬಿ ಒಂದೇ. ವನಜಾಕ್ಷಿ ತಿಪಟೂರಿನ ಸುತ್ತ ಇನ್ನೂರ ಹನ್ನೆರಡು ಡಬ್ಬಿ ಹುಡುಕಿದವಳು. ಅವಳ ಮೊಹರು ಅಕ್ಕಿಕಾಳು ಹೊತ್ತ ಇರುವೆ; ಆರು ಕಾಲನ್ನೂ ಎಣಿಸಬಹುದು. ನಾನೂ ಒಂದು ಆನೆ ಕೊರೆದೆ. ನೋಡಿದವರೆಲ್ಲ 'ಟೀ ಕೆಟಲ್ ಚೆನ್ನಾಗಿದೆ' ಅಂದರು.

ಹೊಸ ಊರಿನಲ್ಲಿ ಈ ಹವ್ಯಾಸ ಶುರುಮಾಡಲು ಒಂದು ಕಟ್ಟಳೆಯಿದೆ. ಮೊದಲು ಆ ಊರಿನವರು ಬಚ್ಚಿಟ್ಟ ಒಂದು ಡಬ್ಬಿಯನ್ನಾದರೂ ಹುಡುಕಬೇಕು, ಆಮೇಲೆ ನಿಮ್ಮದನ್ನು ಇಡಬೇಕು. ಕೆಂಗುಡ್ಡದಲ್ಲಿ ಡಬ್ಬಿಯೇ ಇಲ್ಲ. ಮೊದಲ ವಾರ ವನಜಾಕ್ಷಿ ಗುಡ್ಡದ ಒಂದೊಂದು ಸಂದಿಗೂ ಕೈಹಾಕಿ ಬಂದಳು. ಸಿಕ್ಕಿದ್ದು ಎರಡು ಹಲ್ಲಿ, ಒಂದು ಹಳೇ ಬಾಚಣಿಗೆ. ಮನೆಗೆ ಬಂದು ಮೊಹರನ್ನು ಟ್ರಂಕಿನ ತಳಕ್ಕೆ ಸೇರಿಸಿ ಬೀಗ ಹಾಕಿ, "ರೀ, ಇದನ್ನ ಬಿಚ್ಚಲ್ಲ. ಇನ್ನೂ ಬಿಚ್ಚಬೇಕು ಅನ್ನಿಸಿಲ್ಲ ನನಗೆ" ಅಂದಳು. ಬಳಕೆಗೆ ನಾಲ್ಕು ಸೀರೆ ಹೊರಗಿಟ್ಟುಕೊಂಡಿದ್ದಳು. ಉಳಿದದ್ದೆಲ್ಲ ಅದರಲ್ಲೇ, ತಳದಲ್ಲಿ ಆ ಇರುವೆ ಮೊಹರು. ತಿಪಟೂರಿನಲ್ಲಿ ಅದನ್ನು ತುಂಬಲು ಅವಳಿಗೆ ಮೂರು ದಿನ ಹಿಡಿದಿತ್ತು, ನನ್ನ ಎರಡು ಅಂಗಿ ಅದರಲ್ಲಿ ಹಿಡಿಸಲೂ ಇಲ್ಲ.

ನಾನೇ ಒಂದು ಡಬ್ಬಿ ಬಚ್ಚಿಟ್ಟು ಅವಳಿಗೆ ಕೊಡಬಹುದಿತ್ತಲ್ಲ ಎಂದರೆ, ಅದು ನಡೆಯುವುದಿಲ್ಲ. ಗಂಡ ಬಚ್ಚಿಟ್ಟದ್ದನ್ನು ಹೆಂಡತಿ ಹುಡುಕಿದರೆ ಅದಕ್ಕೆ ಹವ್ಯಾಸ ಎನ್ನುವುದಿಲ್ಲ, ಸಂಸಾರ ಎನ್ನುತ್ತಾರೆ. ಆದ್ದರಿಂದ ನಾನೊಂದು ಉಪಾಯ ಹೂಡಿದೆ. ಕಟ್ಟಳೆ ಮುರಿದು ಒಂದು ಡಬ್ಬಿ ಬಚ್ಚಿಡುವುದು, ಊರಿನವರು ಅದನ್ನು ಹುಡುಕಿ ರುಚಿ ಹತ್ತಿಸಿಕೊಳ್ಳುವುದು, ಅವರೂ ಬಚ್ಚಿಡಲು ಶುರುಮಾಡುವುದು, ವನಜಾಕ್ಷಿ ಅವನ್ನು ಹುಡುಕುವುದು. ಗುಡ್ಡದ ಮೇಲೆ ಎರಡಾಗಿ ಸೀಳಿದ ಒಂದು ಬಂಡೆಯಿದೆ. ಅದರ ಪಡುವಣ ಮಗ್ಗುಲಿನ ಮೂರನೇ ಬಿರುಕಿನಲ್ಲಿ ಡಬ್ಬಿ ಇಟ್ಟು, ಸುಳುಹನ್ನು ಚಾವಡಿಯ ಗೋಡೆಗೆ ಅಂಟಿಸಿ ಬಂದೆ.

ಮಾರನೆಯ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ಯಮನೂರಪ್ಪ, ಮೇಕೆ ಕಾಯುವ ಹಿರಿಯ. ಕೈಯಲ್ಲಿ ನನ್ನ ಡಬ್ಬಿ. "ಸಾಹೇಬ್ರ, ನಿಮ್ಮ ಡಬ್ಬಿ ಗುಡ್ಡದ ಮ್ಯಾಲ ಬಿಟ್ಟ ಬಂದಿದ್ರಿ ನೋಡ್ರಿ. ನಮ್ಮ ಮ್ಯಾಕಿ ಕಂಡು ನಿಂತಿತ್ತು. ಮುಚ್ಚಳದ ಮ್ಯಾಲ ನಿಮ್ಮ ಹೆಸರು, ಹುದ್ದೆ ಎಲ್ಲಾ ಐತಿ." ಸರ್ಕಾರಿ ನೌಕರ ನೋಡಿ ನಾನು, ಬಚ್ಚಿಡುವ ವಸ್ತುವಿನ ಮೇಲೂ ಹೆಸರು ಹುದ್ದೆ ಬರೆದು ಸಹಿ ಹಾಕಿದ್ದೆ. ಡಬ್ಬಿ ತೆರೆದರೆ ಒಳಗೆ ಗಂಟಲುಮಟ್ಟ ಶೇಂಗಾ ಚಟ್ನಿಪುಡಿ. ಹಿಂದೆ ನಿಂತಿದ್ದ ಅವನ ಹೆಂಡತಿ ದ್ಯಾಮವ್ವ, "ಖಾಲಿ ಡಬ್ಬಿ ಹೆಂಗ ಕೊಡೂದ್ರಿ ಯಪ್ಪಾ" ಅಂದಳು.

ಹೆಸರು ಕೆರೆದು ತೆಗೆದು ಮತ್ತೆ ಇಟ್ಟೆ. ಮತ್ತೆ ಬಂತು, ಈ ಸಲ ಗುರೆಳ್ಳು ಪುಡಿ. "ಹೆಸರಿಲ್ಲದಿದ್ರ ಏನಾತ್ರಿ? ಈ ಊರಾಗ ಡಬ್ಬಿ ಕಳಕೊಳ್ಳೋರು ನೀವೊಬ್ರ" ಎಂದ ಯಮನೂರಪ್ಪ. 'ಇದು ಕಳೆದ ವಸ್ತುವಲ್ಲ' ಎಂದು ಚೀಟಿ ಅಂಟಿಸಿದೆ. ಪಾಪ, ಸಾಹೇಬರಿಗೆ ಮರೆವು ಹೆಚ್ಚಾಗಿದೆ ಎಂದು ಊರು ಮರುಗಿತು. ಹೊಳೆಯ ದಂಡೆ, ಹಾಳುಬಿದ್ದ ಗಾಣ, ಜಾಲಿ ಪೊದೆ, ಎಲ್ಲಿಟ್ಟರೂ ಡಬ್ಬಿ ನನಗಿಂತ ಮೊದಲು ಮನೆ ಸೇರುತ್ತಿತ್ತು. ಕೊನೆಗೆ ಅವನನ್ನು ಕೂರಿಸಿ ಆಟದ ಮರ್ಮವನ್ನೆಲ್ಲ ವಿವರಿಸಿದೆ. ಗಮನವಿಟ್ಟು ಕೇಳಿ, ಕಡೆಗೆ ಕೇಳಿದ: "ಬೇಕಂತನ ಕಳಕೊಳ್ಳೂದು, ಮತ್ತ ಹುಡುಕೂದು, ಸಿಕ್ಕ ಮ್ಯಾಲ ಅಲ್ಲೇ ಬಿಟ್ಟ ಬರೂದು. ಇದನ್ನ ನಿಮಗ ಆಫೀಸಿನ್ಯಾಗ ಕಲಿಸ್ಯಾರೇನ್ರಿ?"

ಹತ್ತು ಸಲ ಇಟ್ಟೆ, ಹತ್ತು ಸಲ ಬಂತು. ಪ್ರತಿ ಸಲ ನೋಟ್‌ಬುಕ್ಕಿನ ಮೇಲಿನ ಪುಡಿ ಕೊಡವಿ ಹಾಗೇ ಡಬ್ಬಿಗೆ ಹಾಕಿದೆ. ತಿಂದು ತಿಂದು ನನ್ನ ತೂಕ ಏರಿತು. ಟ್ರಂಕಿನ ಬೀಗ ಮಾತ್ರ ಅಲ್ಲಾಡಲಿಲ್ಲ.

ಆದ್ದರಿಂದ ಪೂರ್ವಿಕರೇ, ನನ್ನ ಬೇಡಿಕೆ ಹೀಗಿದೆ. ಆ ಸೀಳುಬಂಡೆ ನಿಮ್ಮ ಕಾಲದಲ್ಲೂ ಇದ್ದೇ ಇರುತ್ತದೆ. ನಿಮ್ಮಲ್ಲಿ ಯಾರಾದರೂ ಈ ಊರಿನವರು ಒಬ್ಬರು, ಮೂರನೇ ಬಿರುಕಿನಲ್ಲಿ ಒಂದು ಡಬ್ಬಿ ಬಚ್ಚಿಡಬೇಕು. ನೀವು ಇಟ್ಟಿದ್ದರೆ ಈಗಾಗಲೇ ಅದು ಅಲ್ಲಿರಬೇಕಿತ್ತಲ್ಲ ಎಂಬ ಅನುಮಾನ ನನಗೂ ಬಂತು. ನಿನ್ನೆ ತೋಳಿನ ತನಕ ಕೈಹಾಕಿ ನೋಡಿದೆ, ಇಲ್ಲ. ಹಿಂದೋಲೆ ಕಿಟಕಿಯವನನ್ನು ಕೇಳಿದ್ದಕ್ಕೆ, ಅರ್ಜಿ ಕೊಡುವ ಮೊದಲೇ ಮಂಜೂರಾತಿ ಎಲ್ಲಿಂದ ಬರಬೇಕು ಎಂದು ನನಗೇ ಬೈದ. ಹಾಗಾಗಿ ಇದನ್ನು ಸಂಜೆ ಐದರೊಳಗೆ ಹಾಕಿ, ನಾಳೆ ಬೆಳಗಾಗುತ್ತಲೇ ಅವಳನ್ನು ಬಂಡೆಯ ಹತ್ತಿರ ಕರೆದೊಯ್ಯುವುದೆಂದು

ಮಧ್ಯಾಹ್ನ ಎರಡೂವರೆ

ವಾಕ್ಯ ಅರ್ಧಕ್ಕೆ ನಿಂತದ್ದಕ್ಕೆ ಕ್ಷಮೆಯಿರಲಿ. ಬಾಗಿಲು ಬಡಿದ ಸದ್ದಾಯಿತು, ಗಾಡಿಯೇ ಬಂತೆಂದು ಲೇಖನಿ ಎಸೆದು ಓಡಿದೆ. ಗಾಡಿಯಲ್ಲ. ದ್ಯಾಮವ್ವ, ಹನ್ನೊಂದನೇ ಸಲ, ಕೈಯಲ್ಲಿ ಡಬ್ಬಿ. ನಿನ್ನೆ ಬಂಡೆಗೆ ಹೋದಾಗ ಅಭ್ಯಾಸಬಲದಿಂದ ಅಲ್ಲೇ ಇಟ್ಟು ಬಂದಿದ್ದೆ. ಈ ಸಲ ಅದರಲ್ಲಿ ಕರದಂಟು. ವನಜಾಕ್ಷಿಗೆ ದಾರಿಗೆ ಬೇಕಾಗುತ್ತದಂತೆ.

ಡಬ್ಬಿಯನ್ನು ವನಜಾಕ್ಷಿಯೇ ಈಸಿಕೊಂಡಳು. ಕರದಂಟು ತೆಗೆದು ಪಾತ್ರೆಗೆ ಹಾಕಿ, ನೋಟ್‌ಬುಕ್ಕನ್ನು ಒರೆಸಲೆಂದು ಬಿಚ್ಚಿದಳು. ಬಿಚ್ಚಿದವಳು ಪುಟದ ಮೇಲೆ ಪುಟ ತಿರುವಿದಳು.

"ರೀ, ಇಷ್ಟು ದಿನ ಇದನ್ನ ತೆಗೆದು ನೋಡಿದ್ರಾ?"

ನೋಡಿರಲಿಲ್ಲ. ಮೊದಲ ಪುಟದಲ್ಲಿ 'ಡಬ್ಬಿ ಸಿಕ್ಕವರು ಇಲ್ಲಿ ಮೊಹರು ಒತ್ತತಕ್ಕದ್ದು' ಎಂದು ನಾನೇ ಬರೆದಿದ್ದೆ. ಅದರ ಕೆಳಗೆ ನೇರಳೆ ಶಾಯಿಯಲ್ಲಿ ಒಂದು ಅಗಲವಾದ ಹೆಬ್ಬೆಟ್ಟು, ಅದರ ಪಕ್ಕದಲ್ಲಿ ಒಂದು ಮೇಕೆಯ ಗೊರಸು. ಮುಂದಿನ ಪುಟದಲ್ಲಿ ದ್ಯಾಮವ್ವನ ಹೆಬ್ಬೆಟ್ಟು, ಮಸಾಲೆಯ ಕಲೆಯ ಸಮೇತ. ಆಮೇಲೆ ಅವಳ ನಾದಿನಿಯದು, ಗಾಣದ ಹತ್ತಿರದವರದು, ಹೊಳೆಯಲ್ಲಿ ಬಟ್ಟೆ ಒಗೆಯುವ ನಾಲ್ವರದು. ಪ್ರತಿ ಪುಟಕ್ಕೂ ಕಂಡ ಜಾಗ, ಕಂಡ ಹೊತ್ತು. ಹನ್ನೊಂದು ಸಲವೂ ಹುಡುಕಿದ್ದಾರೆ, ಹನ್ನೊಂದು ಸಲವೂ ಒತ್ತಿದ್ದಾರೆ. ನಾನು ತಿಂಗಳುಗಟ್ಟಲೆ ಶುರುಮಾಡಲು ಹೆಣಗುತ್ತಿದ್ದ ಹವ್ಯಾಸ ನನ್ನ ಚಟ್ನಿಪುಡಿಯ ಕೆಳಗೇ ಶುರುವಾಗಿ ಹೋಗಿತ್ತು.

"ಮೊಹರು ಒತ್ರಿ ಅಂತ ಬರದಿದ್ರು. ನಮ್ಮ ಕಡೆ ಮೊಹರು ಎಲ್ಲಿಂದ ಬರಬೇಕ್ ತಂಗಿ? ಹೆಬ್ಬೆಟ್ಟ ಐತಿ, ಒತ್ತಿದ್ವಿ" ಅಂದಳು ದ್ಯಾಮವ್ವ, ತಪ್ಪಾಯಿತೇನೋ ಎಂಬಂತೆ.

ವನಜಾಕ್ಷಿ ಗೊರಸಿನ ಗುರುತನ್ನು ಬೆರಳಿನಿಂದ ಸವರುತ್ತಾ, "ದ್ಯಾಮವ್ವ, ನೀವೇ ಒಂದ್ಸಲ ಬಚ್ಚಿಡಬಾರದಾ? ನಾನು ಹುಡುಕ್ತೀನಿ" ಅಂದಳು.

"ಅದಕ್ಕೇನವ್ವ, ಇಡತೀನಿ. ನಮ್ಮ ಹಿತ್ತಲದಾಗ, ಬೇವಿನ ಗಿಡದ ಬುಡಕ್ಕ, ಎಡಗಡೆ ಮಡಿಕಿ ಐತಲ್ಲ, ಅದರಾಗ."

"ಅಷ್ಟೆಲ್ಲ ಹೇಳಬಾರದು!"

"ಹೇಳದಿದ್ರ ನಿನಗ ಹೆಂಗ ಸಿಗತೈತಿ?"

ನಾಲ್ಕೂವರೆ

ದ್ಯಾಮವ್ವ ಅದೇ ಡಬ್ಬಿಯನ್ನು ಒಯ್ದು ಮಡಿಕೆಯಲ್ಲಿಟ್ಟಳು. ಊರಿನವರೇ ಬಚ್ಚಿಟ್ಟ ಡಬ್ಬಿ, ಕಟ್ಟಳೆಗೆ ಸರಿಯಾಗಿ. ಹುಡುಕಲು ಹೋಗುವವರ ಕೈಯಲ್ಲಿ ತಮ್ಮ ಮೊಹರು ಇರಬೇಕಲ್ಲ. ಅದು ಟ್ರಂಕಿನ ತಳದಲ್ಲಿತ್ತು. ವನಜಾಕ್ಷಿ ಬೀಗ ತೆಗೆದಳು. ಮೂರು ದಿನ ಕೂತು ತುಂಬಿದ್ದನ್ನು ಹತ್ತು ನಿಮಿಷದಲ್ಲಿ ಹೊರಗೆಳೆದಳು. ಈಗ ನಾನು ಕುಳಿತ ಕುರ್ಚಿಯ ಮೇಲೆ ಒಂದು ಕಂಬಳಿ, ಕಿಟಕಿಯಲ್ಲಿ ಇಡ್ಲಿ ತಟ್ಟೆ, ನೆಲ ಕಾಣದಂತೆ ಸೀರೆ. ಇರುವೆಯನ್ನು ಸೆರಗಿಗೆ ಕಟ್ಟಿಕೊಂಡು ಹೋದವಳು ಒಂದು ಗಂಟೆಯಾದರೂ ಬಂದಿಲ್ಲ. ಎಲ್ಲಿದೆ ಎಂದು ಪೂರ್ತಿ ಗೊತ್ತಿರುವ ಡಬ್ಬಿಯನ್ನು ಒಂದು ಗಂಟೆ ಹುಡುಕುವುದು ಅವಳಿಗೆ ಮಾತ್ರ ಸಾಧ್ಯ. ಹಿತ್ತಲಿನಿಂದ ಇಬ್ಬರ ನಗು ಕೇಳುತ್ತಿದೆ, ನಡುವೆ ಮೇಕೆಯದೂ. ಗಾಡಿಯವನಿಗೆ ಬರಬೇಡ ಎಂದು ಹೇಳಿಕಳಿಸಲೇ ಎಂದು ನಾನು ಕೂಗಿ ಕೇಳಿದೆ. "ನಾಳೆಯೊಳಗೆ ಮತ್ತೆ ತುಂಬಕ್ಕೆ ಆಗತ್ತೇನ್ರೀ ಅದನ್ನ?" ಎಂದು ಉತ್ತರ ಬಂತು. ಇದಕ್ಕಿಂತ ಸ್ಪಷ್ಟವಾದ ಮಾತನ್ನು ಮದುವೆಯಾದಾಗಿನಿಂದ ಕೇಳಿಲ್ಲ.

ಆದರೂ ನನಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ. ಒಂದು ಡಬ್ಬಿ ಸಂಜೆಗೆ ಮುಗಿಯುತ್ತದೆ. ನಾಳೆ ಎರಡನೆಯದು ಬೇಕೆನ್ನುತ್ತಾಳೆ, ಮತ್ತು ಬಚ್ಚಿಡುವುದು ಈ ಜನರ ರಕ್ತದಲ್ಲೇ ಇಲ್ಲ. ಇಟ್ಟು, ಕೈಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತಾರೆ. ಐದು ವರ್ಷ ಕಳೆಯಬೇಕು. ಹಾಗಾಗಿ ನನ್ನ ಅರ್ಜಿಯನ್ನು ಹಿಂಪಡೆಯುತ್ತಿಲ್ಲ. ದಯವಿಟ್ಟು ಇಡಿ. ಬೇಗ ಇಡಿ. ಸೀಳುಬಂಡೆ, ಪಡುವಣ ಮಗ್ಗುಲು, ಮೂರನೇ ಬಿರುಕು, ಮೊಣಕೈ ಆಳ. ಯಾರಿಗೂ ಹೇಳಬೇಡಿ. ಮುಖ್ಯವಾಗಿ ಯಮನೂರಪ್ಪನ ಮುತ್ತಾತಂದಿರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ, ಅವರು ನಿಮ್ಮ ಮನೆ ಹುಡುಕಿಕೊಂಡು ಬಂದು ಕೊಟ್ಟು ಹೋಗುತ್ತಾರೆ.

ಐದಾಗುತ್ತಾ ಬಂತು, ಓಡಬೇಕು. ಒಂದು ಮಾತು ಮರೆತಿದ್ದೆ. ಡಬ್ಬಿಯನ್ನು ಖಾಲಿ ಇಡಬೇಡಿ, ಇಲ್ಲಿ ಹಾಗೆ ಕೊಡುವ ಪದ್ಧತಿಯಿಲ್ಲ. ಚಟ್ನಿಪುಡಿ ಬೇಡ, ಮುನ್ನೂರು ವರ್ಷ ತಾಳುವುದಿಲ್ಲ. ನಿಮ್ಮದೊಂದು ಹೆಬ್ಬೆಟ್ಟು ಸಾಕು.